ಹಣಮಂತನ ಎಡಗಿವಿ

ಮಲ್ಲಮ್ಮ, ನಿನ್ನ ಗಂಡ ನಿನ್ನ ಮೇಲೆ ಸಿಟ್ಟಾಗಿ ದೂರವಾಗಲಿಲ್ಲ. ಅವನು ನಿನಗೆ ಸಿಗದಂತೆ ಮಾಡಿದವನು ನಾನು. ಇದು ಗೊತ್ತಿದ್ದೂ ಒಂಬತ್ತು ವರ್ಷ ನಿನ್ನ ಮನೆಗೆ ಬಂದು ಹೋಗಿದ್ದೇನೆ, ನೀನು ಬಡಿದ ಜೋಳದ ರೊಟ್ಟಿ ತಿಂದಿದ್ದೇನೆ, ‘ಅಣ್ಣಾರ’ ಎಂದು ನೀನು ಕರೆದಾಗೆಲ್ಲ ಓಗೊಟ್ಟಿದ್ದೇನೆ.

ನಿನಗೆ ಓದಲು ಬರುವುದಿಲ್ಲ, ಗೊತ್ತು. ಆದರೂ ಮೊದಲು ಬರೆದಿಟ್ಟುಕೊಳ್ಳುತ್ತಿದ್ದೇನೆ. ನನ್ನ ನಾಲಿಗೆಯನ್ನು ನಾನು ನಂಬುವುದಿಲ್ಲ. ಇಪ್ಪತ್ತೈದು ವರ್ಷ ಜಾಹೀರಾತು ಮಾಡಿದ ಮನುಷ್ಯ ನಾನು — ಬೇಕಾದ್ದನ್ನು ದಪ್ಪ ಅಕ್ಷರದಲ್ಲಿ, ಬೇಡದ್ದನ್ನು ಕೆಳಗೆ ಸಣ್ಣ ಅಕ್ಷರದಲ್ಲಿ ಹಾಕಿ ಅಭ್ಯಾಸ. ಬಾಯಿಂದ ಹೇಳಲು ಕೂತರೆ ಇಲ್ಲೂ ಅದನ್ನೇ ಮಾಡಿಬಿಡುತ್ತೇನೆ. ಕಾಗದದ ಮೇಲಾದರೆ ಎಲ್ಲವೂ ಒಂದೇ ಅಳತೆಯಲ್ಲಿ ಇರುತ್ತದೆ, ಇದನ್ನೇ ನಿನ್ನ ಮುಂದೆ ಓದಬಹುದು.

ತಾರ್ನಾಕದ ಸಣ್ಣ ಜಾಹೀರಾತು ಕಚೇರಿಯಲ್ಲಿ ನಾನೇನು ಮಾಡುತ್ತೇನೆಂದು ನೀನು ಯಾವತ್ತೂ ಕೇಳಲಿಲ್ಲ. ‘ಪೇಪರಿನ್ಯಾಗ ಹಾಕೋ ಅಣ್ಣಾರು’ ಅಷ್ಟೇ ನಿನಗೆ. ಸೀರೆ ಅಂಗಡಿ, ಕೋಚಿಂಗ್ ಸೆಂಟರು, ನೀವು ಗಚ್ಚಿಬೌಲಿಯಲ್ಲಿ ಕಟ್ಟುತ್ತಿದ್ದಂಥ ಫ್ಲಾಟುಗಳು — ಇವುಗಳ ಜಾಹೀರಾತನ್ನು ಪೇಪರಿನ ಪುಟಕ್ಕೆ ಹೊಂದಿಸುವುದು ನನ್ನ ಕೆಲಸ. ಓದುವವನ ಕಣ್ಣು ಮೊದಲು ಎಲ್ಲಿ ಬೀಳಬೇಕು, ಅಲ್ಲಿಂದ ಎತ್ತ ಹೋಗಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ನಾವು ಮೊದಲೇ ಗೊತ್ತು ಮಾಡಿರುತ್ತೇವೆ. ದೊಡ್ಡದು ಮೊದಲು ಕಾಣುತ್ತದೆ. ಸುತ್ತ ಖಾಲಿ ಜಾಗ ಬಿಟ್ಟರೆ ಸಣ್ಣದೂ ಕಾಣುತ್ತದೆ. ಮುಖದ ಚಿತ್ರವಿದ್ದರೆ ಅದು ಅಕ್ಷರಗಳ ಕಡೆಗೆ ನೋಡುತ್ತಿರಬೇಕು, ಪುಟದ ಆಚೆಗಲ್ಲ. ಯಾಕೆಂದರೆ ಎದುರಿನವನು ಎತ್ತ ನೋಡುತ್ತಾನೋ ಅತ್ತಲೇ ನಮ್ಮ ಕಣ್ಣೂ ತಿರುಗುತ್ತದೆ. ಆಚೆ ನೋಡುವ ಮುಖ ಸಿಕ್ಕರೆ ಕಂಪ್ಯೂಟರಿನಲ್ಲಿ ಅದನ್ನು ಮಗುಚಿಬಿಡುತ್ತೇವೆ. ಕನ್ನಡಿಯಲ್ಲಿ ಕಂಡಂತೆ ಎಡದ್ದು ಬಲಕ್ಕೆ ಬರುತ್ತದೆ, ಬಲದ್ದು ಎಡಕ್ಕೆ. ಸೀರೆಯ ಜಾಹೀರಾತಿನಲ್ಲಿ ಮಾತ್ರ ಹುಷಾರು, ಸೆರಗು ಬಲ ಹೆಗಲಿಗೆ ಹೋದರೆ ಅಂಗಡಿಯವರು ಜನ್ಮ ಜಾಲಾಡುತ್ತಾರೆ. ಒಂದು ಸೆರಗಿನ ಬಗ್ಗೆ ಇದ್ದ ಎಚ್ಚರ ನನಗೆ ನಿನ್ನ ಗಂಡನ ಬಗ್ಗೆ ಇರಲಿಲ್ಲ.

ನೀನು ಮೊದಲ ಸಲ ಕಚೇರಿಗೆ ಬಂದದ್ದು ಹಣಮಂತ ಕಾಣೆಯಾಗಿ ಐದನೆಯ ದಿನ. ಜೇವರ್ಗಿ ಕಡೆಯಿಂದ ಬಂದು ನಿಮಗೆ ನಾಲ್ಕೇ ತಿಂಗಳು. ನಿಮ್ಮ ಕಟ್ಟಡದ ವಾಚ್‌ಮನ್ ಬೀದರಿನವನು, ನಮ್ಮೂರಿನ ಕಡೆಯವನೇ; ಕನ್ನಡದವರೊಬ್ಬರು ಪೇಪರಿನಲ್ಲಿ ಹಾಕಿಸುತ್ತಾರೆ ಎಂದು ಅವನು ಹೇಳಿ ಕಳಿಸಿದ್ದ. ಸಿಮೆಂಟು ಹತ್ತಿದ ಕೈ, ನೀನು ಬಾಗಿಲಲ್ಲೇ ನಿಂತಿದ್ದೆ. ಗಂಡ ಹುಟ್ಟಾ ಕಿವುಡ, ಮಾತಿಲ್ಲ, ಅಕ್ಷರವೂ ಇಲ್ಲ, ಕಬ್ಬಿಣದ ಸರಳು ಕಟ್ಟುವ ಕೆಲಸ. ಭಾನುವಾರ ಸಂತೆಗೆಂದು ಹೋದವನು ಬರಲಿಲ್ಲ. ಠಾಣೆಯಲ್ಲಿ ಬರೆದುಕೊಂಡಿದ್ದಾರೆ, ಆದರೆ ತನ್ನ ಹೆಸರನ್ನೇ ಹೇಳಲಾಗದವನನ್ನು ಯಾರು ಎಲ್ಲಿ ಅಂತ ಹುಡುಕುತ್ತಾರೆ — ಇಷ್ಟನ್ನು ನೀನು ಒಂದೇ ಉಸಿರಿಗೆ ಹೇಳಿದೆ. ಆಮೇಲೆ ನಾನು ಕೇಳದೇ ಇದ್ದ ಒಂದು ಮಾತು ಹೇಳಿದೆ.

“ಮುಂಜಾನಿ ಜಗಳ ಆಗಿತ್ರಿ. ಊರಾಗಿರೋ ಮಗಳನ್ನ ಇಲ್ಲಿಗೆ ಕರಕೊಂಡು ಬರೋಣು ಅಂತ ಕೈಸನ್ನಿ ಮಾಡಿದರು. ನಾ ಒಲ್ಲೆ ಅಂದು ಮಾರಿ ತಿರುವಿ ಕುಂತ್ನಿರಿ.”

ಕಿವಿ ಕೇಳದವನಿಗೆ ಎದುರಿನವರ ಮುಖವೇ ಮಾತು. ನೀನು ಅದನ್ನು ತಿರುಗಿಸಿಬಿಟ್ಟೆ, ಅವನು ಚೀಲ ತೆಗೆದುಕೊಂಡು ಹೊರಟುಹೋದ. ನಿನಗೆ ಅದೇ ಕೊರಗು. ಗುರುತು ಏನಾದರೂ ಇದೆಯೇ ಎಂದು ನಾನು ಕೇಳಿದೆ. ಎಡಗಿವಿಯ ಮೇಲಿನ ಅರ್ಧ ಇಲ್ಲ, ಸಣ್ಣವನಿದ್ದಾಗ ನಾಯಿ ಕಚ್ಚಿ ಹರಿದದ್ದು ಎಂದೆ ನೀನು. ನಾನು ಬರೆದುಕೊಂಡೆ — ಎಡಗಿವಿ. ನನ್ನ ಕೈಯಿಂದಲೇ, ಸರಿಯಾಗಿಯೇ ಬರೆದುಕೊಂಡೆ.

ಇದ್ದದ್ದು ಒಂದೇ ಫೋಟೋ. ಕಟ್ಟಡದ ಸೂಪರ್‌ವೈಸರ್ ಕೂಲಿಯವರನ್ನೆಲ್ಲ ಸಾಲಾಗಿ ನಿಲ್ಲಿಸಿ ಮೊಬೈಲಿನಲ್ಲಿ ತೆಗೆದದ್ದು. ‘ಇಲ್ಲಿ ನೋಡ್ರಿ’ ಅಂದಾಗ ಎಲ್ಲರೂ ಅವನ ಕಡೆ ನೋಡಿದ್ದಾರೆ, ಹಣಮಂತನೊಬ್ಬ ಬೇರೆಲ್ಲೋ ನೋಡುತ್ತಿದ್ದಾನೆ. ಅವನಿಗೆ ಕೇಳಿಸಲಿಲ್ಲವಲ್ಲ. ಅರ್ಧ ತಿರುಗಿದ ಮುಖ, ಹರಿದ ಎಡಗಿವಿ ಸ್ಪಷ್ಟವಾಗಿ ಕಾಣುತ್ತಿತ್ತು. ಕಾಣೆಯಾದವನನ್ನು ಹುಡುಕಲು ಅದಕ್ಕಿಂತ ಒಳ್ಳೆಯ ಫೋಟೋ ಬೇಕಿರಲಿಲ್ಲ.

ಮರುದಿನ ಒಬ್ಬ ಗಿರಾಕಿಯ ಜಾಹೀರಾತು ಅಳತೆಗಿಂತ ಚಿಕ್ಕದಾಗಿ ಬಂದು, ನಾವು ಹಿಡಿದಿಟ್ಟಿದ್ದ ಪುಟದಲ್ಲಿ ಒಂದು ಮೂಲೆ ಉಳಿಯಿತು. ಮಾಲೀಕರನ್ನು ಕೇಳಿ ಆ ಮೂಲೆಯನ್ನು ನಿನಗೆ ಕೊಡಿಸಿದೆ. ಪುಣ್ಯದ ಕೆಲಸ ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡೆ. ಕಾಣೆಯಾದವರ ಜಾಹೀರಾತು ಎಂದರೆ ಪೇಪರಿನಲ್ಲಿ ಹೇಗಿರುತ್ತದೆ — ಇರುವೆ ಸಾಲಿನಂಥ ಅಕ್ಷರ, ಮಸಿ ಮೆತ್ತಿದ ಮುಖ. ನಿನ್ನದು ಹಾಗಾಗಬಾರದು ಎಂದು ಹಠ ಹಿಡಿದೆ. ಸುತ್ತ ಬಿಳಿ ಬಿಟ್ಟೆ. ಎಡಕ್ಕೆ ಫೋಟೋ, ಬಲಕ್ಕೆ ತೆಲುಗಿನಲ್ಲಿ ವಿವರ. ಆದರೆ ಹಣಮಂತ ಪುಟದ ಆಚೆ ನೋಡುತ್ತಿದ್ದ. ನೋಡಿದವರ ಕಣ್ಣು ಅವನ ಜೊತೆಯೇ ಆಚೆಗೆ ಹೋಗುತ್ತಿತ್ತು. ನನ್ನ ಕೈ — ಕೈ ಎಂದರೆ ಸುಳ್ಳಾಗುತ್ತದೆ, ನಾನೇ — ಅವನನ್ನು ಮಗುಚಿದೆ. ಈಗ ಅವನು ಅಕ್ಷರಗಳ ಕಡೆ ನೋಡುತ್ತಿದ್ದ. ಭಾಳ ಚೆಂದ ಕೂತಿತು. ಫೋಟೋವನ್ನು ಹಾಗೇ ಬಿಟ್ಟು ಬಲಗಡೆಗೆ ಸರಿಸಿದ್ದರೂ ಆಗುತ್ತಿತ್ತು. ಅರ್ಧ ನಿಮಿಷದ ಕೆಲಸ.

ಅಚ್ಚಿಗೆ ಹೋಗುವ ಮುಂಚೆ ಕರಡು ತಿದ್ದುವವರು ಯಾದಗಿರಿಗಾರು, ತಮ್ಮ ಕೆಲಸ ಬಲ್ಲ ಹಿರಿಯರು. ಅವರು ಕಾಗದ ಹಿಡಿದು ನನ್ನ ಮೇಜಿಗೆ ಬಂದರು. ಅಕ್ಷರದಲ್ಲಿ ಎಡಗಿವಿ ಎಂದಿದೆ, ಫೋಟೋದಲ್ಲಿ ಹರಿದಿರುವುದು ಬಲಗಿವಿ — ಯಾವುದು ಸರಿ ಎಂದು ತೆಲುಗಿನಲ್ಲಿ ಕೇಳಿದರು. ನಾನು ಬೇರೊಂದು ಪುಟದಲ್ಲಿ ಮುಳುಗಿದ್ದೆ. ತಲೆ ಎತ್ತಲಿಲ್ಲ.

“ಫೋಟೋ ಚೂಸಿ ವೇಸೆಯ್ಯಂಡಿ” ಅಂದೆ. ಫೋಟೋ ನೋಡಿ ಹಾಕಿಬಿಡಿ.

ಅವರು ಹಾಗೇ ಮಾಡಿದರು. ಎಡ ಹೊಡೆದು ಬಲ ಬರೆದರು. ಅವರ ತಪ್ಪು ಎಳ್ಳಷ್ಟೂ ಇಲ್ಲ. ಅನಕ್ಷರಸ್ಥ ಹೆಂಗಸು ಗಾಬರಿಯಲ್ಲಿ ಎಡ ಬಲ ಹೆಚ್ಚುಕಡಿಮೆ ಹೇಳಿರಬಹುದು, ಫೋಟೋ ಸುಳ್ಳು ಹೇಳುವುದಿಲ್ಲ — ನಮ್ಮ ಕಸುಬಿನವರು ಯಾರೇ ಆದರೂ ಹೀಗೇ ಎಣಿಸುತ್ತಿದ್ದರು. ಫೋಟೋ ಸುಳ್ಳು ಹೇಳುವಂತೆ ನಾನು ಮಾಡಿದ್ದೆ ಎಂಬುದು ಅವರಿಗೆ ಹೇಗೆ ಗೊತ್ತಾಗಬೇಕು.

ಪೇಪರ್ ಬಂದ ದಿನ ನೀನು ಬಂದೆ. ಕಚೇರಿಯಲ್ಲಿ ಎಲ್ಲರೂ ಆ ಮೂಲೆಯನ್ನು ಹೊಗಳಿದ್ದರು, ನಾನು ಎದೆಯುಬ್ಬಿಸಿಕೊಂಡು ನಿನ್ನ ಕೈಗೆ ಕೊಟ್ಟೆ. ನೀನು ಪೇಪರನ್ನು ಹತ್ತಿರ ಹಿಡಿದೆ, ದೂರ ಹಿಡಿದೆ, ಕತ್ತು ಆಚೆ ಈಚೆ ವಾಲಿಸಿದೆ. ನಿನ್ನ ಕೈ ನಿನ್ನದೇ ಕಿವಿಗೆ ಹೋಯಿತು.

“ಅಣ್ಣಾರ, ಕಿವಿ ಈ ಕಡಿದಲ್ಲರಿ ಅದು. ಆ ಕಡಿದು.”

ನೀನು ಹೇಳಿ ಮುಗಿಸುವ ಮೊದಲೇ ನನಗೆ ಎಲ್ಲ ತಿಳಿಯಿತು — ಮಗುಚಿದ್ದು, ಯಾದಗಿರಿಗಾರು ಕೇಳಿದ್ದು, ನಾನು ತಲೆ ಎತ್ತದೇ ಇದ್ದದ್ದು. ಆಗ, ಆ ಕ್ಷಣದಲ್ಲಿ, ಮಲ್ಲಮ್ಮ, ನಾನು ನಕ್ಕೆ.

“ಫೋಟೋದಾಗ ಹಂಗೇ ಕಾಣ್ತದವ್ವಾ. ಕನ್ನಡಿಯಾಗ ನೋಡಿದಂಗ. ಎಡ ಇದ್ದದ್ದು ಬಲ ಕಾಣ್ತದ.”

“ಹೌದೇನ್ರಿ,” ಅಂದೆ ನೀನು. “ನಮಗೇನ ತಿಳಿತೈತ್ರಿ.”

ನಿನಗೆ ತಿಳಿದಿತ್ತು. ಇಡೀ ಹೈದರಾಬಾದಿನಲ್ಲಿ ನಿನಗೊಬ್ಬಳಿಗೆ ಸರಿಯಾಗಿ ತಿಳಿದಿತ್ತು. ಓದಿದವನು ನಾನು ಬಾಯಿ ಮುಚ್ಚಿಸಿದೆ.

ಯಾಕೆ? ಅಂದು ಸಂಜೆಯೇ ಮಾಲೀಕರಿಗೆ ಹೇಳಬಹುದಿತ್ತು. ಬೈಯುತ್ತಿದ್ದರು, ಎರಡು ದಿನದಲ್ಲಿ ಇನ್ನೊಂದು ಮೂಲೆ ಹುಡುಕಿ ತಿದ್ದುಪಡಿ ಹಾಕಿಸುತ್ತಿದ್ದರು. ಕೆಲಸವೇನೂ ಹೋಗುತ್ತಿರಲಿಲ್ಲ. ಆದರೆ ಅಷ್ಟು ವರ್ಷಗಳಲ್ಲಿ ನನ್ನ ಮೇಜಿನಿಂದ ಹೋದ ಯಾವುದಕ್ಕೂ ತಿದ್ದುಪಡಿ ಬಂದಿರಲಿಲ್ಲ. ಆ ಹೆಮ್ಮೆ. ಅಷ್ಟೇ, ಬೇರೆ ಏನೂ ಅಲ್ಲ. ಮುಖ ನೋಡಿದರೆ ಸಾಕು, ಗುರುತು ಹಿಡಿಯುವವರು ಹಿಡಿಯುತ್ತಾರೆ, ಕಿವಿ ಯಾರು ನೋಡುತ್ತಾರೆ ಎಂದು ಸಮಾಧಾನ ಮಾಡಿಕೊಂಡೆ. ಕೆಳಗೆ ನಮ್ಮ ಕಚೇರಿಯ ನಂಬರು ಹಾಕಿದ್ದೆವು. ಮೊದಲ ವಾರ ಫೋನು ಬಡಿದುಕೊಂಡಾಗೆಲ್ಲ ಓಡಿಹೋಗಿ ಎತ್ತುತ್ತಿದ್ದೆ. ಆಮೇಲೆ ಓಡುವುದನ್ನು ಬಿಟ್ಟೆ. ನೀನು ಮಾತ್ರ ವಾರಕ್ಕೊಮ್ಮೆ ಬಂದು ಬಾಗಿಲಲ್ಲಿ ನಿಂತು, ನನ್ನ ಮುಖ ನೋಡಿ, ಏನೂ ಕೇಳದೆ ಹೋಗುತ್ತಿದ್ದೆ.

ತಿಂಗಳ ಹತ್ತಿರವಾಗಿತ್ತು. ಗುರುತು ಸಿಗದ ಶವಗಳ ಪ್ರಕಟಣೆಯೊಂದು ನಮ್ಮ ಕಚೇರಿಗೆ ಬಂತು. ನಾಲ್ಕು ಫೋಟೋ, ಒಂದೊಂದರ ಕೆಳಗೆ ಎರಡು ಸಾಲು. ಅಂಥದ್ದನ್ನು ನಾನು ಎಷ್ಟೋ ಸಲ ಮಾಡಿದ್ದೇನೆ. ಮುಖ ನೋಡುವುದಿಲ್ಲ, ಚೌಕಗಳ ಅಳತೆ ಸಮ ಮಾಡಿ ಕಳಿಸುತ್ತೇನೆ. ಅವತ್ತು ಮೂರನೆಯ ಚೌಕದಲ್ಲಿ ಬೋಳಿಸಿದ ತಲೆ, ಬಾತ ಮುಖ. ಎಡಗಿವಿಯ ಮೇಲಿನ ಅರ್ಧ ಇರಲಿಲ್ಲ. ಈ ಫೋಟೋವನ್ನು ಯಾರೂ ಮಗುಚಿರಲಿಲ್ಲ.

ಕಟ್ಟಡಕ್ಕೆ ಬಂದು ನಿನ್ನನ್ನು ಕರೆದುಕೊಂಡು ಹೋದವನು ನಾನೇ. ಶವಾಗಾರದಲ್ಲಿ ಬಟ್ಟೆ ಸರಿಸಿದಾಗ ನೀನು ಮುಖ ನೋಡುವ ಮೊದಲು ಅವನ ಅಂಗೈ ತಿರುವಿ ನೋಡಿದೆ, ಸರಳು ಕಟ್ಟಿ ಬಿದ್ದ ಗಾಯದ ಗೆರೆಗಳನ್ನು. ಆಮೇಲೆ ಕೂತುಬಿಟ್ಟೆ. ಭಾನುವಾರ ಅವನು ಯಾವುದೋ ಬಸ್ಸು ಹತ್ತಿ ಊರಿನ ಇನ್ನೊಂದು ತುದಿ ಸೇರಿದ್ದ. ಉಪ್ಪಲ್ ಬಳಿ ರಸ್ತೆ ದಾಟುವಾಗ ಗಾಡಿ ಹೊಡೆದಿತ್ತು. ಯಾರೋ ಸರ್ಕಾರಿ ಆಸ್ಪತ್ರೆಗೆ ಸೇರಿಸಿದ್ದರು. ಹೆಸರಿಲ್ಲದ ರೋಗಿ. ಇಷ್ಟು ನಿನಗೆ ಗೊತ್ತು. ನಾನೇ ಹೇಳಿದ್ದೇನೆ.

ನಿನಗೆ ಗೊತ್ತಿಲ್ಲದ್ದು ಇದು. ವಾರ್ಡಿನ ಆಯಮ್ಮ ಒಬ್ಬಳು ನಮ್ಮನ್ನು ಹುಡುಕಿಕೊಂಡು ಬಂದಳಲ್ಲ, ನೆನಪಿದೆಯೇ — ನಿನ್ನ ಎರಡೂ ಕೈ ಹಿಡಿದುಕೊಂಡು ತೆಲುಗಿನಲ್ಲಿ ಬಹಳ ಹೊತ್ತು ಮಾತಾಡಿದಳು, ಅತ್ತಳು ಕೂಡ. ನಿನಗಾಗ ತೆಲುಗು ತಲೆಗೆ ಹತ್ತಿರಲಿಲ್ಲ. ನನ್ನ ಕಡೆ ತಿರುಗಿ, “ಏನಂತಾರ್ರಿ ಅಕ್ಕಾರು?” ಎಂದು ಕೇಳಿದೆ. ನಾನು ಹೇಳಿದೆ:

“ತ್ರಾಸ ಆಗಲಿಲ್ಲಂತ. ಎಚ್ಚರನೇ ಇರಲಿಲ್ಲಂತ. ನಿದ್ದಿಯಾಗ ಹೋದರಂತ.”

ಆಕೆ ಹೇಳಿದ್ದು ಅದಲ್ಲ. ಆಕೆ ಹೇಳಿದ್ದು ಹೀಗೆ. ಪೇಪರಿನಲ್ಲಿ ನಮ್ಮ ಜಾಹೀರಾತನ್ನು ಅವಳು ನೋಡಿದ್ದಳು. ಅಷ್ಟು ಚೆನ್ನಾಗಿ ಕಾಣುವಂತೆ ಹಾಕಿದ್ದರು, ಯಾರಿಗಾದರೂ ಕಣ್ಣಿಗೆ ಬೀಳುತ್ತಿತ್ತು ಎಂದಳು. ಮಾತು ಬರುವುದಿಲ್ಲ, ಕಿವಿ ಹರಿದಿದೆ ಎಂದು ಓದಿ, ಕತ್ತರಿಸಿಕೊಂಡು ಅವನ ಮಂಚದ ಹತ್ತಿರ ಹೋದಳು. ಅವನಿಗೆ ಎಚ್ಚರವಿತ್ತು. ಆ ಚಿತ್ರ ತೋರಿಸಿದಳು. ಅವನು ಕಾಗದ ಕಿತ್ತುಕೊಂಡು ಚಿತ್ರದ ಮೇಲೆ ಬೆರಳಿಟ್ಟ, ತನ್ನ ಎದೆಯ ಮೇಲೆ ಬೆರಳಿಟ್ಟ. ಮತ್ತೆ ಚಿತ್ರ, ಮತ್ತೆ ಎದೆ. ‘ನೇನೇ’ ಅಂತ ಹೇಳುತ್ತಿದ್ದಾನೆ ಎಂದು ಅವಳಿಗೆ ಗೊತ್ತಾಯಿತು. ನಾನೇ, ನಾನೇ ಅಂತ. ಅವಳು ಓಡಿಹೋಗಿ ಸಿಸ್ಟರಿಗೆ ಹೇಳಿದಳು. ಸಿಸ್ಟರ್ ಬಂದು ಜಾಹೀರಾತು ಓದಿದರು, ಅವನ ತಲೆಯ ಪಟ್ಟಿ ಸರಿಸಿ ಕಿವಿ ನೋಡಿದರು. ಇಲ್ಲಿ ಬಲಗಿವಿ ಎಂದು ಅಚ್ಚಾಗಿದೆ, ಫೋಟೋದಲ್ಲೂ ಬಲಗಿವಿಯೇ, ಇವನದು ಎಡಗಿವಿ. ತಲೆಗೆ ಪೆಟ್ಟು ಬಿದ್ದವನು ಯಾವ ಚಿತ್ರ ತೋರಿಸಿದರೂ ನಾನೇ ಅಂತಾನೆ, ಯಾರದೋ ಮನೆಯವರಿಗೆ ಸುಮ್ಮನೆ ಆಸೆ ಹುಟ್ಟಿಸಬೇಡ — ಎಂದು ಹೋದರು. ಅವನು ಆ ಕಾಗದದ ಚೂರನ್ನು ಬಿಡಲಿಲ್ಲವಂತೆ. ಬಂದವರಿಗೆಲ್ಲ ತೋರಿಸಿ ಎದೆ ಮುಟ್ಟಿಕೊಳ್ಳುತ್ತಿದ್ದನಂತೆ. ಆಮೇಲೆ ಜ್ವರ ತಲೆಗೇರಿತು. ಜಾಹೀರಾತು ಬಂದ ಮೇಲೆ ಅವನು ಹದಿನೇಳು ದಿನ ಬದುಕಿದ್ದ.

ತಾರ್ನಾಕದಿಂದ ಆ ಆಸ್ಪತ್ರೆ ಎಷ್ಟು ದೂರ ಅಂತೀ? ಊಟದ ಹೊತ್ತಿಗೆ ಹೋಗಿ ಬರಬಹುದು.

ಆಯಮ್ಮ ಹೇಳುತ್ತಿದ್ದುದನ್ನು ಒಂದೊಂದಾಗಿ ಕೇಳುತ್ತ ನಿಂತಿದ್ದೆ. ಒಂದೇ ಒಂದು ವಾಕ್ಯವನ್ನು ಕನ್ನಡಕ್ಕೆ ತಂದಿದ್ದರೆ ಸಾಕಿತ್ತು, ಉಳಿದದ್ದೆಲ್ಲ ಅದರ ಹಿಂದೆ ತಾನಾಗಿ ಬರುತ್ತಿತ್ತು. ಬಲಗಿವಿ ಯಾರು ಬರೆದರು ಎಂದು ನೀನು ಕೇಳುತ್ತಿದ್ದೆ. ನೀನು ಅಂದೇ ಕೇಳಿದ್ದೆಯಲ್ಲ. ಅದಕ್ಕೆ ಹೆದರಿ ಬೇರೊಂದು ಸಾವನ್ನು ಕಟ್ಟಿ ನಿನ್ನ ಕೈಗಿಟ್ಟೆ. ಮಣ್ಣು ಮಾಡಿ ಬಂದ ಮೇಲೆ ನೀನು ನನ್ನ ಕಾಲಿಗೆ ಬಿದ್ದೆ. ನಿಮ್ಮಿಂದ ಅವರ ಮಾರಿಯರ ನೋಡಿದ್ನಿರಿ ಅಂದೆ. ನಾನು ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ಇನ್ನೂ ಒಂದಿದೆ, ಅದನ್ನೂ ಕೇಳು. ಶನಿವಾರಗಳಲ್ಲಿ ಜಾಹೀರಾತು ಕಲಿಯುವ ಮಕ್ಕಳಿಗೆ ಪಾಠ ಹೇಳಲು ಹೋಗುತ್ತೇನೆ. ಮುಖ ಪುಟದ ಒಳಗೆ ನೋಡಬೇಕು ಎನ್ನುವುದಕ್ಕೆ ಪರದೆಯ ಮೇಲೆ ನಾನು ತೋರಿಸುತ್ತಿದ್ದ ಉದಾಹರಣೆ ನಿನ್ನ ಗಂಡ. ಅವನು ಸತ್ತ ಮೇಲೂ ಎರಡು ವರ್ಷ ತೋರಿಸಿದೆ. ಅಷ್ಟು ಚೆನ್ನಾಗಿ ಬಂದಿತ್ತು ಮಲ್ಲಮ್ಮ, ಏನು ಹೇಳಲಿ — ನಾಚಿಕೆಯಾಗುತ್ತದೆ. ಒಂದು ದಿನ ಒಬ್ಬ ಹುಡುಗಿ, ಈ ಮನುಷ್ಯ ಆಮೇಲೆ ಸಿಕ್ಕನೇ ಸರ್ ಎಂದು ಕೇಳಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ನನ್ನ ಕೈ ಕಿವಿಗೆ ಹೋಯಿತು. ಸಿಕ್ಕ, ಎಂದೆ. ಅಡ್ಡಗೋಡೆಯ ಮೇಲೆ ದೀಪ. ಅವಳು ಸಂತೋಷದಿಂದ ಬರೆದುಕೊಂಡಳು. ಅದಾದ ಮೇಲೆ ತೋರಿಸಲಿಲ್ಲ.

ಇಷ್ಟು ವರ್ಷ ಈ ಸುಳ್ಳನ್ನು ನಡೆಸಿದವನು ಇನ್ನೂ ನಡೆಸುತ್ತಿದ್ದೆನೇನೋ. ನೀನು ಉಪ್ಪಲ್‌ಗೆ ಬಂದು ಐಟಿ ಕಟ್ಟಡದಲ್ಲಿ ಕಸ ಗುಡಿಸುವ ಕೆಲಸ ಹಿಡಿದೆ, ಊರಿನಿಂದ ಮಗಳು ಶಾಂತಾಳನ್ನು ಕರೆಸಿಕೊಂಡು ಓದಿಸಿದೆ. ಗಂಡ ಕೇಳಿದ್ದನ್ನು ಅವನು ಹೋದ ಮೇಲೆ ಮಾಡಿದೆ. ಹಬ್ಬಕ್ಕೆ ಕರೆದಾಗೆಲ್ಲ ನಾನು ಬಂದೆ. ನೀನು ಪ್ರತಿ ಸಲ ಅದೇ ಮಾತು — ನಾ ಮಾರಿ ತಿರುವಿದ್ದಕ್ಕ ಹೋದರು, ಬರಬೇಕಂದಿದ್ದರ ಬರತಿದ್ದರು. ನಾನು ಪ್ರತಿ ಸಲ, ಹಳೇದೆಲ್ಲ ಯಾಕೀಗ ಎಂದು ಮಾತು ಮರೆಸಿದೆ. ಹೋದ ಭಾನುವಾರ ಶಾಂತಾ ಗೆಳತಿಯರ ಜೊತೆ ಎಲ್ಲಿಗೋ ಹೊರಟಿದ್ದಳು, ನೀನು ಬೇಡ ಎಂದು ಮುಖ ತಿರುಗಿಸಿದೆ. ಹದಿನಾರರ ಹುಡುಗಿ, ಬಾಯಿಗೆ ಬಂದದ್ದು ಅಂದಳು.

“ಅಪ್ಪನ್ನ ಓಡಿಸಿದಂಗ ನನ್ನೂ ಓಡಸ್ತಿ ನೀ.”

ನೀನು ಒಪ್ಪಿಕೊಂಡವಳಂತೆ ತಲೆ ತಗ್ಗಿಸಿ ಹಿಟ್ಟು ನಾದುತ್ತ ಕೂತೆ. ನಾನು ಅಲ್ಲೇ ಇದ್ದೆ, ಎದುರಿಗೆ ತಾಟು ಇಟ್ಟುಕೊಂಡು. ನನ್ನ ಪಾಪವನ್ನು ನೀನು ಹೊತ್ತದ್ದು ಸಾಲದೆಂದು ಮಗಳ ಕೈಯಿಂದ ಹೊಡೆಸಿಕೊಳ್ಳುತ್ತಿದ್ದೀ. ಆಗಲೂ ನಾನು ಬಾಯಿ ಬಿಡಲಿಲ್ಲ. ಕೈ ತೊಳೆದು, ಬರ್ತೀನವ್ವಾ ಎಂದು ಹೊರಟು ಬಂದೆ. ಮೆಟ್ರೋ ಇಳಿದು ಮನೆ ಸೇರಿದವನೇ ಇದನ್ನು ಬರೆಯಲು ಕೂತೆ.

ಈ ಕಾಗದವನ್ನು ಶಾಂತಾಳ ಕೈಗೆ ಕೊಟ್ಟು, ಅವ್ವಗ ಓದಿ ಹೇಳು ಎಂದು ಜಾರಿಕೊಳ್ಳಬಹುದು. ಅದನ್ನೂ ಯೋಚಿಸಿದೆ. ನನ್ನನ್ನು ನಾನು ಬಲ್ಲೆ. ಆದರೆ ಅದು ಅವಳ ಬಾಯಿಂದ ಬರಬಾರದು. ಈ ಭಾನುವಾರ ಬೆಳಿಗ್ಗೆ ಬರುತ್ತೇನೆ, ಶಾಂತಾ ಮನೆಯಲ್ಲಿರುವ ಹೊತ್ತಿಗೆ. ಒಳಗೆ ಬಾ ಎಂದರೂ ಬರುವುದಿಲ್ಲ, ಬಾಗಿಲಲ್ಲಿ ನಿಂತು ಓದುತ್ತೇನೆ. ನೀನು ಬೈಯಬಹುದು, ಚಪ್ಪಲಿ ಎತ್ತಬಹುದು, ಬಾಗಿಲು ಹಾಕಬಹುದು. ಕ್ಷಮೆ ಕೇಳಲು ಬರುತ್ತಿಲ್ಲ. ಅದು ಕೊಟ್ಟರೂ ನನಗೆ ಇಟ್ಟುಕೊಳ್ಳಲು ಜಾಗವಿಲ್ಲ.

ಎಲ್ಲವನ್ನೂ ಓದಲಾಗದೇ ಹೋದರೆ, ಇಷ್ಟಾದರೂ ನಿಮ್ಮಿಬ್ಬರ ಕಿವಿಗೆ ಬೀಳಲಿ. ಆಸ್ಪತ್ರೆಯಲ್ಲಿ ಅವನಿಗೆ ಎಚ್ಚರವಿತ್ತು. ನೀನು ಹುಡುಕುತ್ತಿದ್ದೀ ಎಂದು ಅವನಿಗೆ ಗೊತ್ತಾಗಿತ್ತು. ನಿನ್ನ ಹತ್ತಿರ ಬರಬೇಕೆಂದು ಅವನು ಕಂಡ ಕಂಡವರಿಗೆಲ್ಲ ಹೇಳಿದ್ದ.